ಹೊಟ್ಟೆನುಲಿತದ ಹನಿ

ತಪ್ಪು ಆ ಸಗಟು ವ್ಯಾಪಾರಿಯದು, ತನ್ನದಲ್ಲ ಎಂದು ಮೂಲಿಕೆ ಅಂಗಡಿಯವನು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಈ ಸಲದ ಚಕ್ರಮೊಗ್ಗು ಚಿಕ್ಕದಾಗಿತ್ತು, ಮುರುಟಿತ್ತು, ವಾಸನೆಯೂ ಬೇರೆ. ನೋಡಲು ಹಾಗೆಯೇ ಇರುವ, ಧೂಪಕ್ಕಷ್ಟೇ ಹಾಕುವ ವಿಷದ ಜಾತಿಯೊಂದಿದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಅಗ್ಗಕ್ಕೆ ಸಿಕ್ಕಿತಲ್ಲ ಎಂದು ಕೂಸುಗಳ ಹೊಟ್ಟೆನುಲಿತದ ಹನಿಗೆ ಅದನ್ನೇ ಕುದಿಸಿ ಸೋಸಿದ. ಮೊದಲ ಶೀಶೆಯನ್ನು ಕೊಟ್ಟಿದ್ದು ಅಕ್ಕನ ಮಗಳಿಗೇ. ಸಂಜೆಯಾದರೆ ಕಾಲು ಮಡಚಿಕೊಂಡು ಕಿರುಚುತ್ತಿದ್ದ ಅವಳ ಕೂಸು ಈಗ ಫಿಟ್ಸ್ ಬಂದು ಆಸ್ಪತ್ರೆ ಸೇರಿತ್ತು.

"ಇದ್ರಲ್ಲಿ ಏನೇನು ಹಾಕಿದೀರಿ? ಗೊತ್ತಾದ್ರೆ ನಮಗೆ ಚಿಕಿತ್ಸೆ ಸುಲಭ," ಎಂದು ಡಾಕ್ಟರಮ್ಮ ಆ ಶೀಶೆ ತೋರಿಸಿ ಕೇಳಿದ್ದರು.

"ಸೋಂಪು, ಓಮ. ಅಷ್ಟೇ," ಎಂದಿದ್ದ.

"ಸರಿ. ಪರೀಕ್ಷೆ ಮಾಡಿಸಿದ್ರೆ ತಿಳಿಯತ್ತೆ ಬಿಡಿ."

ಆ ಒಂದು ಮಾತಿಗೆ ಅವನು ಅಂಗಡಿಗೆ ಓಡಿದ. ಉಳಿದ ಕಷಾಯವನ್ನೆಲ್ಲ ಬಚ್ಚಲಿಗೆ ಸುರಿದ. ಹಳೆಯ ಒಳ್ಳೆಯ ಸರಕಿನ ಹನಿಯನ್ನು ಅಂಥದೇ ಕಂದು ಶೀಶೆಗೆ ಅರ್ಧ ತುಂಬಿದ. ಕೂಸಿಗೆ ಖರ್ಚಾದದ್ದೂ ಅಷ್ಟೇ. ಬಳಸಿದ ಶೀಶೆಯಂತೆ ಕಾಣಲಿ ಎಂದು ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದ, ಮುಚ್ಚಳಕ್ಕೆ ಅಂಟು ಸವರಿದ. ಶೀಶೆ ಬದಲಾದರೆ ಮುಗಿಯಿತು. ಪರೀಕ್ಷೆಗೆ ಹೋಗುವುದು ಸೋಂಪಿನ ನೀರು. ಅಂಗಡಿ ಉಳಿಯುತ್ತದೆ, ಸೋದರಮಾವನೆಂಬ ಹೆಸರೂ ಉಳಿಯುತ್ತದೆ. ಕೂಸು? ಡಾಕ್ಟರುಗಳು ಇದ್ದಾರಲ್ಲ. ಛೀ, ಎಂಥ ಮನುಷ್ಯ ನಾನು ಎನಿಸಿತು. ಆದರೂ ಶೀಶೆಯನ್ನು ಜೇಬಿಗೆ ಹಾಕಿಕೊಂಡ.

ವಾರ್ಡಿನಲ್ಲಿ ಅಕ್ಕ ಇರಲಿಲ್ಲ. ಮಂಚದ ಪಕ್ಕದ ಪುಟ್ಟ ಕಪಾಟಿನ ಮೇಲೆ ಶೀಶೆ ಇದ್ದಲ್ಲೇ ಇತ್ತು. ಅಕ್ಕನ ಮಗಳು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು.

"ನೀವು ಬಂದಿದ್ದು ಎಷ್ಟು ಧೈರ್ಯ ಆಯ್ತು ಮಾವ. ಸ್ವಲ್ಪ ನೋಡ್ಕೊಳ್ತೀರಾ? ಬಿಸಿನೀರು ತರ್ತೀನಿ."

ಅವಳು ಬಾಗಿಲು ದಾಟಿದ್ದೇ ತಡ, ಕೆಲಸ ಮುಗಿಯಿತು. ಅಲ್ಲಿದ್ದದ್ದು ಜೇಬಿಗೆ, ಜೇಬಿನದು ಅಲ್ಲಿಗೆ. ಕೂಸಿನ ಮುಖ ನೋಡುವ ಧೈರ್ಯವಾಗಲಿಲ್ಲ. ನರ್ಸ್ ಸುಮ್ಮನೆ ಒಮ್ಮೆ ಇಣುಕಿದ್ದಕ್ಕೆ ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

ತಾಯಿ ಮಗಳು ಜೊತೆಯಲ್ಲೇ ಬಂದರು. ಅಕ್ಕ ಕೂಸಿನ ಪಾದ ಮುಟ್ಟಿ, "ತಣ್ಣಗಿದೆಯಲ್ಲೇ," ಎಂದು ಕಪಾಟಿನ ಮೇಲಿನ ಶೀಶೆ ತೆಗೆದುಕೊಂಡಳು. ಅವನು "ಅಕ್ಕಾ, ಅದು ಪರೀಕ್ಷೆಗೆ" ಎನ್ನುವಷ್ಟರಲ್ಲಿ ಅಂಗೈಗೆ ಬಗ್ಗಿಸಿಯೇ ಬಿಟ್ಟಳು. ಒಳಗಿದ್ದದ್ದು ನೀರಿನಂತೆ ಬೆರಳ ಸಂದಿಯಿಂದ ಸೋರಿತು. "ಅಯ್ಯೋ, ಇದೇನಿದು? ಔಷಧೀನೆಲ್ಲ ಡಾಕ್ಟರಮ್ಮ ಆಗಲೇ ತಮ್ಮ ಡಬ್ಬಿಗೆ ಬಗ್ಗಿಸ್ಕೊಂಡು ಹೋದ್ರು ಕಣೋ. ನನ್ನ ಎಣ್ಣೆ ಡಬ್ಬಿ ಸೋರ್ತಿತ್ತು, ಖಾಲಿ ಶೀಶೆ ಯಾಕೆ ಬಿಸಾಡ್ಬೇಕು ಅಂತ ತೊಳೆದು ಎಣ್ಣೆ ತುಂಬಿಟ್ಟಿದ್ದೆ!" ಅಕ್ಕನ ಮಗಳು ತಾಯಿಯ ಒದ್ದೆ ಅಂಗೈಯನ್ನು ಮೂಸಿದಳು. ಆಮೇಲೆ ಜೇಬಿನ ಮೇಲಿದ್ದ ಅವನ ಕೈಯನ್ನು ನೋಡಿದಳು. "ಮಾವ, ಇಲ್ಲಿ ನೀವೊಬ್ರೇ ಅಲ್ವಾ ಇದ್ದಿದ್ದು?"