ತಿಪ್ಪೆಯ ಮೇಲೆ ಸಿಕ್ಕ ಕೂಸು

೧೯೫೬ರ ಶ್ರಾವಣದ ಒಂದು ಬೆಳಿಗ್ಗೆ ಎಂಟೂವರೆಗೆ ಸುಂಕದಕಟ್ಟೆಯ ಬೈರಪ್ಪ ರಾಜಾಜಿನಗರದ ಠಾಣೆಗೆ ಏದುಸಿರು ಬಿಡುತ್ತ ಓಡಿಬಂದ. ಹಿಂದಿನ ದಿನ ಹುಟ್ಟಿದ ತನ್ನ ಹೆಣ್ಣುಕೂಸನ್ನು ಹೆರಿಗೆ ಆಸ್ಪತ್ರೆಯಿಂದ ಯಾರೋ ಕದ್ದರೆಂದು ದೂರು ಕೊಟ್ಟ. ಇನ್ಸ್‌ಪೆಕ್ಟರ್ ಶಂಭುಲಿಂಗಪ್ಪ ಎಫ್‌ಐಆರ್ ಬರೆಸಿ, ಮುಂದಿದ್ದ ಕಾಫಿಯನ್ನೂ ಕುಡಿಯದೆ ಎದ್ದರು. ಕಳ್ಳತನ, ಹೊಡೆದಾಟ ಏನು ಬಂದರೂ ಕಾಫಿ ಮುಗಿಸಿಯೇ ಏಳುವ ಮನುಷ್ಯ ಅವರು.

ವಾರ್ಡಿನಲ್ಲಿ ಬಾಣಂತಿ ಬೋರಮ್ಮ ಬಿಕ್ಕುತ್ತಿದ್ದಳು. ಅವಳ ತಾಯಿ ಹನುಮಕ್ಕ ಪಕ್ಕದಲ್ಲಿ ತೆಪ್ಪಗೆ ಕೂತಿದ್ದಳು. ಪಂಚನಾಮೆಗೆ ಸಿಕ್ಕಿದ್ದು ಖಾಲಿ ತೊಟ್ಟಿಲೊಂದೇ.

“ಆಸ್ಪತ್ರೇಲಿ ಈಗ ಎಷ್ಟು ಕೂಸಿವೆ?” ಇನ್ಸ್‌ಪೆಕ್ಟರು ಕೇಳಿದರು.

“ಇಲ್ಲಿ ಹುಟ್ಟಿದ್ದು ನಾಲ್ಕು, ಇದನ್ನ ಬಿಟ್ಟು,” ಎಂದರು ನರ್ಸ್ ಜಲಜಾ. “ಹೊರಗಿಂದ ಬಂದಿದ್ದು ಒಂದು. ಹಾಲಿನ ಲಿಂಗಮ್ಮಂಗೆ ಇವತ್ತು ಬೆಳಿಗ್ಗೆ ತಿಪ್ಪೆ ಮೇಲೆ ಸಿಕ್ತಂತೆ, ಡಾಕ್ಟರು ಸೇರಿಸ್ಕೊಂಡ್ರು. ಮಧ್ಯಾಹ್ನ ಅನಾಥಾಲಯದೋರು ಬರ್ತಾರೆ.”

“ನೀವು ನೋಡಿದ್ರಾ?”

“ಇಲ್ಲ ಸಾರ್. ಸೋಂಕು ತಗಲಬಾರದು ಅಂತ ಹೊರಗಿನ ಕೂಸಿಗೆ ಬೇರೆ ಕೋಣೆ, ಬೇರೆ ನರ್ಸು.”

ಅಯ್ಯೋ ಶಿವನೇ, ಒಂದು ಹೋಗಿದೆ, ಒಂದು ಬಂದಿದೆ, ಯಾರೂ ಸೇರಿಸಿ ನೋಡಿಲ್ಲ! ಶಂಭುಲಿಂಗಪ್ಪ ಜಲಜಾ ಅವರನ್ನು ಆ ಕೋಣೆಗೆ ಓಡಿಸಿಕೊಂಡೇ ಹೋದರು. ಜಲಜಾ ಬಟ್ಟೆ ಸರಿಸಿ ಕೂಸಿನ ಹೊಕ್ಕುಳು ನೋಡಿದರು. ಅಲ್ಲಿ ಆಸ್ಪತ್ರೆಯ ಬಿಳಿ ದಾರವಿತ್ತು.

“ಇದು ನಾನೇ ಕಟ್ಟಿದ್ದು ಸಾರ್. ಬೋರಮ್ಮನ ಮಗಳು.”

ಲಿಂಗಮ್ಮನನ್ನು ಕರೆಸಿದರು.

“ತಿಪ್ಪೆ ಮೇಲೆ ಇಟ್ಟಿದ್ದು ಯಾರು?”

“ಹನುಮಕ್ಕ,” ಎಂದಳು ಅವಳು ಉಗುಳು ನುಂಗಿ. “ಎತ್ಕೊಂಡು ಬಂದು ಅವಳ ಮಗಳು ಬೋರಮ್ಮಂಗೇ ಮಾರು ಅಂದ್ಲು. ಬಾಗಿಲಲ್ಲಿ ಡಾಕ್ಟರು, ಯಾರ ಮಗು ಅಂದ್ರು. ಕೂಸು ಉಳಿಯೋ ಶಾಸ್ತ್ರ ಕೆಡಬಾರದಲ್ವಾ ಸ್ವಾಮಿ? ತಿಪ್ಪೇದು ಅಂದೆ. ಅವ್ರು ಇಸ್ಕೊಂಡೇಬಿಟ್ರು.”

ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟು ಶಂಭುಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಟೋಪಿ ಸರಿಮಾಡಿಕೊಂಡು, ಕೂಸನ್ನು ತೋಳಲ್ಲಿ ಎತ್ತಿಕೊಂಡು ವಾರ್ಡಿಗೆ ನಡೆದರು.

“ಹನುಮಕ್ಕ, ನಿಮ್ಮನ್ನ ದಸ್ತಗಿರಿ ಮಾಡಿದೀನಿ. ಮಗಳು ಅಷ್ಟು ಅಳ್ತಾ ಇದ್ರೂ ಯಾಕೆ ಬಾಯಿ ಬಿಡಲಿಲ್ಲ?”

ಮುದುಕಿ ಎರಡೂ ಅಂಗೈ ಮುಂದೆ ಚಾಚಿದಳು. “ಇವಳ ಎರಡು ಕೂಸನ್ನ ಈ ಕೈಯಲ್ಲೇ ಮಣ್ಣು ಮಾಡಿದೀನಿ ಸ್ವಾಮಿ. ತಿಪ್ಪೇಲಿ ಸಿಕ್ಕಿದ್ದನ್ನ ಜವರಾಯ ಮುಟ್ಟಕ್ಕಿಲ್ಲ. ನಮ್ಮದು ಅಂತ ನಾನೇ ಬಾಯಿ ಬಿಟ್ರೆ ಉಳೀತದಾ? ಹೊರಗಿಂದ ಬಂದದ್ದು ಅಂತ ಬರೆದವ್ರೆ, ಹಂಗೇ ಇರ್ಲಿ.”

“ಹಾಗೆ ಇದ್ರೆ ಅನಾಥಾಲಯಕ್ಕೆ ಹೋಗತ್ತೆ ಅಜ್ಜಿ,” ಎಂದರು ಜಲಜಾ. “ಇಲ್ಲಿ ಹುಟ್ಟಿದ್ದು ಅಂತ ತಿದ್ದಲೇಬೇಕು.”

ಹನುಮಕ್ಕ ದಿಕ್ಕು ತೋಚದೆ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಳು. ಅಲ್ಲೊಂದು ಗಂಟಿತ್ತು.

“ಅದೇನು?” ಎಂದರು ಇನ್ಸ್‌ಪೆಕ್ಟರು.

“ತೌಡು. ಲಿಂಗಮ್ಮಂಗೆ ಕೊಡಬೇಕಿದ್ದ ಕೂಸಿನ ಬೆಲೆ.”

ಶಂಭುಲಿಂಗಪ್ಪ ನರ್ಸಿನ ಕಡೆ ತಿರುಗಿದರು.

“ಜಲಜಮ್ಮಾ, ನೀವು ಇಲ್ಲೇ ಹುಟ್ಟಿದ್ದು ಅಂತ ಬರೀರಿ, ನಿಜ ಅದೇ. ಬೋರಮ್ಮಾ, ಕೂಸು ಈಗ ಪೊಲೀಸರ ವಶದಲ್ಲಿದೆ. ಬೇಕಾದ್ರೆ ಕೊಂಡ್ಕೋ.”

ಟೋಪಿ ತೆಗೆದು ಅಂಗಾತ ಹಿಡಿದರು. ಬೋರಮ್ಮ ಅಳುತ್ತ ನಗುತ್ತ ತಾಯಿಯ ಸೆರಗಿನ ಗಂಟು ಬಿಚ್ಚಿ, ಬೊಗಸೆ ತೌಡನ್ನು ಟೋಪಿಯೊಳಕ್ಕೆ ಸುರಿದಳು. ಇನ್ಸ್‌ಪೆಕ್ಟರು ಕೂಸನ್ನು ಅವಳ ಮಡಿಲಿಗೆ ಹಾಕಿ ಹನುಮಕ್ಕನ ಕಡೆ ತಿರುಗಿದರು.

“ಜವರಾಯ ಬಂದು ಕೇಳಿದ್ರೆ, ಪೊಲೀಸರ ಹತ್ರ ಕೊಂಡಿದ್ದು ಅನ್ನಿ ಅಜ್ಜಿ. ಅವನ ವಿಚಾರಣೆ ನಾನು ಮಾಡ್ತೀನಿ.”