ಹೆಸರೊಂದನ್ನು ಬಿಟ್ಟು

"ಹೊರಗ ಹೋಗಿ ಮತ್ತ ಬರ್ರಿ."

ಮಲ್ಲಿಕಾ ಕಕ್ಕಾಬಿಕ್ಕಿಯಾದಳು. ಬಾಗಿಲು ದಾಟಿ ಇನ್ನೂ ಉಸಿರು ಬಿಟ್ಟಿರಲಿಲ್ಲ. ಮೇಜಿನ ಆಚೆ ಕುಳಿತವನು ತಲೆಯನ್ನೂ ಎತ್ತದೆ ಹಾಗೆ ಅಂದಿದ್ದ.

"ಯಾಕ್ರಿ?"

"ಕಳ್ಳರು ಬಂದಂಗ ಬಂದ್ರಿ. ನೌಕರಿ ಕೇಳಾಕ ಬಂದವರು ಹಂಗ ಬರಂಗಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಿ.ಕಾಂ. ಮುಗಿಸಿದ ಪಾಟೀಲರ ಮನೆಯ ಮಗಳಿಗೆ ಕಿವಿ ಬಿಸಿಯಾಯಿತು. ಹೊರಗೆ ಹೋದಳು, ಬಂದಳು. ಮತ್ತೆ ಹೋಗಿ ಅಂದ, ಮತ್ತೆ ಬಂದಳು. ಏನು ಸೊಕ್ಕು ಈ ಮನುಷ್ಯನಿಗೆ... ನಾಳೆಯಿಂದ ಈ ಕಡೆ ತಲೆ ಹಾಕಿದರೆ ಕೇಳಿ!

ಆದರೆ ಮರುದಿನವೂ ಬಂದಳು. ಬರದೆ ಗತಿ ಇರಲಿಲ್ಲ. ಹಿಂದಿನ ಸಂದರ್ಶನಗಳಲ್ಲಿ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಸಿಕ್ಕಿ, ಬರಿಗೈಲಿ ಮನೆಗೆ ಬಂದಿದ್ದಳು. ಅಪ್ಪ ಭರಮಪ್ಪ ಕಡ್ಡಿ ಮುರಿದಂತೆ ಹೇಳಿದ್ದ.

"ಹಿರೇಕೆರೂರಿನ ಬೀಜದ ಕಂಪನಿದು ಕಡೀದು ನೋಡವ್ವ. ಅದೂ ಆಗಲಿಲ್ಲಂದ್ರ ಹಾನಗಲ್ಲಿನವರಿಗೆ ಹೂಂ ಅಂತೇನಿ."

ಹಾನಗಲ್ಲಿನ ವರನ ಫೋಟೊ ಆಗಲೇ ದೇವರ ಜಗಲಿಯ ಮೇಲೆ ಬಂದು ಕುಳಿತಿತ್ತು.

ಹೇಳಿಕೊಡುವವನು ಚನ್ನೇಶ. ಸವಣೂರಿನ ಪೇಟೆಯಲ್ಲಿ ಅವನ ಅಪ್ಪ ಕರಬಸಪ್ಪನ ಖಾರದ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ, ಹೊಸದಾಗಿ ಕಾಲೇಜು ಮುಗಿಸಿದವರಿಗೆ ಅವನು ಸಂದರ್ಶನದ ತರಬೇತಿ ಕೊಡುತ್ತಿದ್ದ. ಕೆಳಗೆ ಬಾಣಲೆಯಲ್ಲಿ ಕರಿಯುವ ಸದ್ದು, ಮೇಲೆ 'ನಿಮ್ಮ ಬಗ್ಗೆ ಹೇಳ್ರಿ'. ಅವನ ಇಸ್ತ್ರಿ ಮಾಡಿದ ಅಂಗಿಯನ್ನೂ ಎಣ್ಣೆಯ ವಾಸನೆ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಉತ್ತರ ಹೇಳಲು ತಡವರಿಸಿ ಅವಳ ಕಣ್ಣು ತುಂಬಿಬಂತು. ಚನ್ನೇಶ ಉಳಿದವರನ್ನು ಚಹಾಕ್ಕೆ ಕಳಿಸಿದ. ತಾನು ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತ.

"ಈಗ ಹೇಳ್ರಿ. ನಾ ಸಾಹೇಬ ಅಲ್ಲ. ಮನ್ಯಾಗ ಮಾತಾಡಿದಂಗ ಮಾತಾಡ್ರಿ."

ಮಾತಾಡಿದಳು. ಅಪ್ಪನ ಹೊಲ, ಬಿತ್ತಿದ ಗೋವಿನಜೋಳ ಮೊಳಕೆಯೊಡೆಯದೆ ಕೈಕೊಟ್ಟ ವರ್ಷ, ಬೀಜದ ಅಂಗಡಿಯವನ ಮುಂದೆ ಅಪ್ಪ ತಲೆ ತಗ್ಗಿಸಿ ನಿಂತದ್ದು... ಅವನು ಮಧ್ಯೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿದ. ತನ್ನ ಮಾತನ್ನು ಯಾರೂ ಈವರೆಗೆ ಹೀಗೆ ಕೂತು ಕೇಳಿರಲಿಲ್ಲ ಅನ್ನಿಸಿ ಅವಳ ಎದೆ ಢವಢವ ಅಂದಿತು.

ಅಂದಿನಿಂದ ಹೊಸ ಪೇಚು ಶುರುವಾಯಿತು. ಅವನ ಹೆಸರು ಅವಳ ಬಾಯಿಂದ ಹೊರಡದು!

ಅವ್ವ ದಾನವ್ವ ಇವತ್ತಿಗೂ ಗಂಡನ ಹೆಸರು ಹೇಳುವುದಿಲ್ಲ. ದವಾಖಾನೆಯಲ್ಲಿ ಕೇಳಿದರೂ ಮಗಳ ಮುಖ ನೋಡುತ್ತಾಳೆ. ಅದಕ್ಕೆ ಬಿದ್ದು ಬಿದ್ದು ನಗುತ್ತಿದ್ದ ಹುಡುಗಿಗೆ ಈಗ ತನ್ನದೇ ನಾಲಿಗೆ ಮಾತು ಕೇಳುತ್ತಿಲ್ಲ. ಮದುವೆಯಿಲ್ಲ, ಮಾತುಕತೆಯಿಲ್ಲ... ಈ ಮನಸ್ಸು ತನ್ನನ್ನು ಒಂದು ಮಾತೂ ಕೇಳದೆ ಅಷ್ಟು ದೂರ ಹೋಗಿತ್ತು.

ಸಂದರ್ಶನದ ಹಿಂದಿನ ದಿನ ಕೊನೆಯ ತಾಲೀಮು.

"ತರಬೇತಿ ಎಲ್ಲಿ ತಗೊಂಡ್ರಿ?"

"ಸವಣೂರಾಗ್ರಿ."

"ಯಾರ ಹತ್ರ?"

ಅವಳು ಕೈಯಲ್ಲಿದ್ದ ಫೈಲು ತಿರುವಿಹಾಕತೊಡಗಿದಳು.

"ಹೆಸರು ಹೇಳ್ರಿ. ನಾಳೆ ಕೇಳೇ ಕೇಳ್ತಾರ."

"ಒಬ್ರು... ಸರ್ ಹತ್ರರಿ."

ಚನ್ನೇಶನ ಮುಖ ಕಪ್ಪಿಟ್ಟಿತು. ಮೊದಮೊದಲು ಬಾಯಿ ತುಂಬ 'ಚನ್ನೇಶ ಸರ್' ಅನ್ನುತ್ತಿದ್ದವಳು ಈಚೆಗೆ ಆ ಹೆಸರು ಬಿಟ್ಟದ್ದನ್ನು ಅವನು ಗಮನಿಸದೆ ಇರಲಿಲ್ಲ.

"ತಿಳೀತ್ರಿ. ಖಾರಾ ಕರಿಯೋರ ಮಗನ ಹೆಸರು ಹೇಳಾಕ ಪಾಟೀಲರ ಮನಿಯವರಿಗೆ ನಾಚಿಕಿ. ನಾಳೆ ಬ್ಯಾರೆ ಯಾರದರ ಹೆಸರು ಹೇಳಿಬಿಡ್ರಿ."

"ಹಂಗಲ್ರಿ..."

ಅಷ್ಟರಲ್ಲಿ ಅವನು ಮೆಟ್ಟಿಲಿಳಿದು ಹೋಗಿಯಾಗಿತ್ತು.

ಮರುದಿನ ಹಿರೇಕೆರೂರಿನಲ್ಲಿ ಅವಳ ಸರದಿ ಬಂತು. ಕಳ್ಳಿಯಂತೆ ಅಲ್ಲ, ತಲೆಯೆತ್ತಿ ಒಳಗೆ ಹೋದಳು. ಎದುರಿಗೆ ಗಡಸು ಮುಖದ ಮ್ಯಾನೇಜರು, ಪಕ್ಕದಲ್ಲಿ ಹಿರಿಯ ಅಧಿಕಾರಿ ಸುಧಾರಾಣಿ. ಮೊಳಕೆಯೊಡೆಯದ ಬೀಜಕ್ಕೆ ರೈತ ಬೈದರೆ ಏನು ಮಾಡುತ್ತೀರಿ ಎಂದರು. ಮಲ್ಲಿಕಾ ಅಪ್ಪನನ್ನು ನೆನೆದು ಉತ್ತರಿಸಿದಳು. ಸುಧಾರಾಣಿ ತಲೆದೂಗಿದರು.

"ತರಬೇತಿ ತಗೊಂಡೇನಿ ಅಂದ್ರಲ್ಲ, ಯಾರ ಹತ್ರ?" ಮ್ಯಾನೇಜರು ಕೇಳಿದರು.

"ಸವಣೂರಾಗ ಖಾರದ ಅಂಗಡಿ ಕರಬಸಪ್ಪನವರು ಅದಾರ್ರಿ. ಅವರ ಮಗನ ಹತ್ರ. ಅಂಗಡಿ ಮ್ಯಾಲೇ ಕ್ಲಾಸು."

"ಅವರ ಹೆಸರು?"

ಹೇಳಿಬಿಡು ಮಲ್ಲಿಕಾ... ಮೂರಕ್ಷರ. ತುಟಿ ಅಲುಗಿತು, ದನಿ ಬರಲಿಲ್ಲ.

"ಕಲಿಸಿದವರ ಹೆಸರ ಗೊತ್ತಿಲ್ಲೇನು? ಸುಳ್ಳು ಹೇಳೋರು ನಮಗ ಬ್ಯಾಡ."

ಆಯಿತು, ಎಲ್ಲ ಮುಗಿಯಿತು ಅಂದುಕೊಂಡಳು. ಹಾನಗಲ್ಲಿನ ಫೋಟೊ ಕಣ್ಣೆದುರು ಬಂತು. ಸುಧಾರಾಣಿ ಮಾತ್ರ ಅವಳ ಕೆಂಪೇರಿದ ಮುಖವನ್ನೇ ನೋಡುತ್ತಿದ್ದರು.

"ಮದುವಿ ಆಗೇತೇನವ್ವ?"

"ಇಲ್ರಿ."

"ನಿಶ್ಚಯ?"

"ಇಲ್ರಿ. ಅವರಿಗೆ... ಅವರಿಗಿನ್ನೂ ಈ ಸುದ್ದೀನ ಗೊತ್ತಿಲ್ರಿ."

ಮ್ಯಾನೇಜರಿಗೆ ತಲೆಬುಡ ತಿಳಿಯಲಿಲ್ಲ. ಸುಧಾರಾಣಿ ನಗು ತಡೆದುಕೊಂಡು ಪೆನ್ನು ಎತ್ತಿಕೊಂಡರು. "ಸುಳ್ಳಲ್ರಿ ಸರ್ ಇದು, ನನಗ ಬಿಡ್ರಿ. ಅವರ ಫೋನ್ ನಂಬರ್ ಅಷ್ಟ ಕೊಡವ್ವ, ನಾನ ಕೇಳಿಕೊಳ್ತೇನಿ."

ಸಂಜೆ ಸವಣೂರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಚನ್ನೇಶ ಎದುರಿಗೇ ನಿಂತಿದ್ದ. ಎಷ್ಟು ಹೊತ್ತಿನಿಂದ ಕಾಯುತ್ತಿದ್ದನೋ, ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು.

"ನೌಕರಿ ಆತಂತ. ಮೇಡಂ ಫೋನ್ ಮಾಡಿದ್ರು."

"ಹೂಂನ್ರಿ. ನನಗೂ ಹೇಳಿ ಕಳಿಸಿದ್ರು."

"ಅಂಗಡಿ ಹೇಳಿದ್ರಂತ, ಅಪ್ಪನ ಹೆಸರು ಹೇಳಿದ್ರಂತ. 'ನಿಮ್ಮ ಹೆಸರೊಂದನ್ನ ಬಿಟ್ಟು ಎಲ್ಲಾ ಹೇಳಿದ್ಲು, ಯಾಕಂತ ನೀವ ಕೇಳ್ರಿ' ಅಂದ್ರು." ಅವನು ಒಂದು ಹೆಜ್ಜೆ ಮುಂದೆ ಬಂದ. "ಯಾಕ್ರಿ?"

ದಿನವೆಲ್ಲ ಅಪರಿಚಿತರ ಮುಂದೆ ಧೈರ್ಯವಾಗಿ ಮಾತಾಡಿದವಳು ಈಗ ನೆಲ ನೋಡಿದಳು. ಆದರೂ ಹೇಳಿದಳು.

"ನಮ್ಮವ್ವ ನಮ್ಮಪ್ಪನ ಹೆಸರು ಹೇಳಂಗಿಲ್ರಿ. ಅದಕ್ಕ."

ಬಸ್ಸು ಹೊರಟಿತು, ಜನ ಸರಿದರು. ಅವನು ನಿಂತಲ್ಲೇ ನಿಂತಿದ್ದ. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆದ ಮೇಲೆ ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ನಿನ್ನೆ ಏನೇನೋ ಅಂದುಬಿಟ್ಟೆ... ತಪ್ಪಾತ್ರಿ."

"ನಾ ಭಾಳ ಅತ್ತೇನ್ರಿ."

"ಐತವಾರ ನಮ್ಮಪ್ಪನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ಲೇನ್ರಿ?"

"ಬರ್ರಿ. ಹಾನಗಲ್ಲಿನವರಿಗೆ ಬ್ಯಾಡಂತ ಅಪ್ಪಗ ಇವತ್ತ ಹೇಳ್ತೇನಿ."

ಚನ್ನೇಶನ ಮುಖದಲ್ಲಿ ಆಗ ನಗು ಮೂಡಿತು.

"ನಾ ಬಾಗಿಲಿಗೆ ಬಂದು ನಿಂತ್ರ, ಯಾರು ಬಂದಾರಂತ ಒಳಗ ಏನು ಹೇಳ್ತೀರಿ?"

ಮಲ್ಲಿಕಾ ತಲೆಯೆತ್ತಿ ಅವನನ್ನೇ ನೋಡಿದಳು.

"ಅವರು ಬಂದಾರ ಅಂತೇನಿ."