ನಾಚಾರಂ ಗೋದಾಮಿನ ಕಪ್ಪು ಬೂಷ್ಟು

ಮುಚ್ಚಳ ತೆಗೆದ ಅಪೂರ್ವ ಬೆಚ್ಚಿ ಹಿಂದೆ ಸರಿದಳು. ಗಾಜಿನ ತಟ್ಟೆಯಲ್ಲಿ, ಒದ್ದೆ ಕಾಗದದ ಮೇಲೆ ಮೊಳಕೆಗೆ ಇಟ್ಟಿದ್ದ ಶೇಂಗಾ ಬೀಜಗಳ ಮೇಲೆಲ್ಲ ಮಸಿ ಚೆಲ್ಲಿದಂತೆ ಕಪ್ಪು ಬೂಷ್ಟು! ಎರಡನೆಯ ತಟ್ಟೆ? ಅದೂ ಹಾಗೆಯೇ. ಮೂರನೆಯದು? ಅದೂ!

“ಮೇಡಂ, ಬೇಗ ಬನ್ನಿ!”

ತೆಲುಗು ನಾಡಿನ ನಾಚಾರಂನಲ್ಲಿದ್ದ ಆ ಬೀಜದ ಕಂಪನಿಯ ಪರೀಕ್ಷಾ ಕೋಣೆಯ ಮುಖ್ಯಸ್ಥೆ ಭವಾನಿ ಬಂದು ಬಾಗಿ ನೋಡಿದರು.

“ಕತ್ತು ಕೊಳೆ ರೋಗ,” ಎಂದರು. “ಬೀಜದಾಗ ಕುಂತು ಹೊಲಕ್ಕ ಹೋಗತೈತಿ. ಸಸಿ ತಲಿ ಎತ್ತೋದ್ರಾಗ ಕುತ್ತಿಗಿ ಕೊಳಸಿ ಕೆಡವತೈತಿ. ಯಾವ ರಾಶಿದು ಇದು?”

“ವಾರದ ಹಿಂದೆ ಯಂತ್ರದಲ್ಲಿ ಸುಲಿದ ಬೀಜ, ಇವತ್ತು ವನಪರ್ತಿಯ ರೈತರಿಗೆ ಹೋಗ್ತಿರೋದೇ ಮೇಡಂ! ಹೋದ ತಿಂಗಳು ಕಾಯಿ ಬಂದಾಗ ನಾನೇ ಪರೀಕ್ಷೆ ಮಾಡಿದ್ದೆ. ಒಂದು ಬೀಜಕ್ಕೂ ಏನೂ ಇರಲಿಲ್ಲ.”

ಹೊರಗೆ ಲಾರಿಗೆ ಚೀಲಗಳು ಏರುತ್ತಿದ್ದವು. ಕೂಗು ಕೇಳಿ ಶೇಂಗಾ ಒಡೆಯುವ ಯಂತ್ರದ ಉಸ್ತುವಾರಿ ಚಂದ್ರಕಾಂತ ಒಳಗೆ ಬಂದ. ತಟ್ಟೆ ನೋಡಿದವನೇ ನಕ್ಕ.

“ಶೇಂಗಾಕ್ಕ ಕಡ್ಲೇಕಾಯಿ ಅನ್ನೋ ಮೈಸೂರಿನವ್ರಿಗೆ ಈ ಕೆಲಸ ಕೊಟ್ರ ಮತ್ತೇನಾಗತೈತ್ರಿ? ಅವತ್ತು ಚಲೋ ಇದ್ದ ಬೀಜ ಇವತ್ತು ಹೆಂಗ ಕೆಡತೈತಿ? ಈಕೀನೇ ತಟ್ಟಿ ಹೊಲಸು ಮಾಡ್ಯಾಳ!”

ಅಲ್ಲೇ ನಿಂತು ಮಾಲೀಕ ಆನಂದಕುಮಾರರಿಗೆ ಫೋನ್ ಹಚ್ಚಿದ. ಮಾತು ಮುಗಿಸಿ ಹೇಳಿದ: “ನಾಳೆಯಿಂದ ಈ ಹುಡುಗಿ ಬರೋದು ಬ್ಯಾಡಂತ. ಲಾರಿ ನಿಲ್ಲಂಗಿಲ್ಲಂತ.”

ಅಪೂರ್ವ ಹೊರಗಿನ ಲಾರಿಯತ್ತ ನೋಡಿದಳು. ಕೆಲಸ ಹೋಯಿತು. ಬೀಜವೂ ಹೋಗುತ್ತದೆಯೇ — ಯಾರ್ಯಾರದೋ ಹೊಲಗಳಿಗೆ?

ಭವಾನಿ ಮಾತ್ರ ತಟ್ಟೆಯಿಂದ ಕಣ್ಣು ಕೀಳಲಿಲ್ಲ. “ಅಪೂರ್ವ, ಬೀಜ ಔಷಧದ ನೀರಿನಾಗ ತೊಳದಿದ್ದೇನು?”

“ತೊಳೆದೇ ಇಟ್ಟೆ ಮೇಡಂ.”

“ಹಂಗಾರ ಇದು ಮ್ಯಾಲಿನ ಹೊಲಸಲ್ಲ. ಒಳಗಿಂದ ಬಂದೈತಿ. ನಡಿ, ಗೋದಾಮಿಗೆ!”

ಗೋದಾಮಿನ ಬಾಗಿಲಲ್ಲಿ ಕಾವಲಿನ ಅಮರೇಶಪ್ಪ ಎದ್ದು ನಿಂತ.

“ಅಮರೇಶಪ್ಪಾ, ಮಳಿ ಸೋರಿತ್ತೇನು?”

“ದೇವರಾಣಿ ಇಲ್ರಿ ಅವ್ವಾರ! ಲಾರಿಗೆ ಏರಿದ ರಾಶೀದೇ ಸಿಪ್ಪಿ ಸಮೇತ ಇನ್ನೂ ಭಾಳ ಚೀಲ ಅದಾವ. ಸೋರಿದ್ರ ಅವೂ ಕೆಡಬೇಕಲ್ರಿ?”

ಭವಾನಿ ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ಗಲಗಲ ಸದ್ದು. ಒಣಗಿದ ಕಾಯಿ! ಹಾಗಾದರೆ ರೋಗ ಹೊಕ್ಕದ್ದೆಲ್ಲಿ?

ಲಾರಿಯ ಬಳಿ ಚಂದ್ರಕಾಂತ ಒಂದು ಚೀಲ ಬಿಚ್ಚಿ ಬೊಗಸೆ ತುಂಬ ಬೀಜ ತೋರಿಸಿದ. “ನೋಡ್ರಿ ಮೇಡಮ್ಮಾರ, ಒಂದರ ಕಾಳು ಒಡದೈತೇನು? ಮುತ್ತು ಇದ್ದಂಗ ಅದಾವ. ಸಾಹೇಬ್ರು ನನ್ನ ಕೈಗುಣ ಅಂತಾರ!”

ಭವಾನಿ ಚೀಲದ ಆಳಕ್ಕೆ ಮೊಳಕೈವರೆಗೆ ಕೈ ಇಳಿಸಿ ಬೀಜ ತೆಗೆದು ನೋಡಿದರು. ತಟಕ್ಕನೆ ತಿರುಗಿದರು.

“ಅಪೂರ್ವ, ಅವತ್ತು ನೀ ಕಾಯಿ ಹೆಂಗ ಒಡದಿ?”

“ಒಣಗಿದ್ದನ್ನ ಹಾಗೇ ಕೈಯಲ್ಲಿ ಬಿಡಿಸಿದೆ ಮೇಡಂ.”

“ಚಂದ್ರಕಾಂತರ, ಮಷೀನ್ ಚಾಲೂ ಮಾಡ್ರಿ. ಗೋದಾಮಿನ ಕಾಯಿ ಹಾಕ್ರಿ.”

“ಈಗ್ಯಾಕ್ರಿ? ಬೆಲ್ಟ್ ಸಡ್ಲ ಆಗೇತಿ —”

“ಮುಂಜಾನಿ ಚಲೋ ಓಡಾಕತ್ತಿತ್ತಲ್ಲೋ!” ಎಂದ ಅಮರೇಶಪ್ಪ. ಕಾಯಿಯ ಬುಟ್ಟಿಯನ್ನು ತಾನೇ ಹೊತ್ತು ತಂದು ಸುರಿದ.

ಯಂತ್ರ ಗುಡುಗಿತು. ಸಿಪ್ಪೆ ಹಾರಿತು. ಕೆಂಪು ಬೀಜ ಉದುರತೊಡಗಿತು — ಅವುಗಳ ನಡುವೆ ಬೆಳ್ಳಗೆ, ಎರಡು ಹೋಳಾದ ಬೇಳೆಗಳು! ಅಪೂರ್ವ ಬಾಗಿ ಒಂದು ಬೇಳೆ ಎತ್ತಿಕೊಂಡಳು.

“ಕಂಡ್ರೇನು?” ಭವಾನಿ ಯಂತ್ರದ ಸದ್ದಿಗೂ ಮೇಲೆ ಕೂಗಿದರು. “ಒಣ ಕಾಯಿ ಹಾಕಿದ್ರ ಬೇಳಿ ಬೀಳೋದೇ. ಲಾರಿಯ ಚೀಲದಾಗ ಒಂದೂ ಇಲ್ಲ! ಎಲ್ಲಾರೂ ಬೂಷ್ಟು ನೋಡಿದ್ವಿ, ಇಲ್ಲದ ಬೇಳಿ ಯಾರೂ ನೋಡ್ಲಿಲ್ಲ. ಕಾಯಿಗೆ ನೀರು ಹೊಡದು ಮೆತ್ತಗ ಮಾಡಿದ್ರ ಮಾತ್ರ ಕಾಳು ಹಿಂಗ ಇಡಿಯಾಗಿ ಬರತಾವ. ಸಿಪ್ಪಿಗೆ ಹತ್ತಿದ ಮಣ್ಣಿನಾಗ ಮಲಗಿದ್ದ ರೋಗಾನ ಆ ನೀರೇ ಎಬ್ಬಿಸಿ ಒಳಗ ಕಳಿಸೈತಿ. ನೀರು ಹೊಡದವ್ರು ನೀವು, ಚಂದ್ರಕಾಂತರ!”

ಚಂದ್ರಕಾಂತ ಯಂತ್ರ ನಿಲ್ಲಿಸಿದ. “ಎಲ್ಲಾ ಕಡೆ ಹೊಡೀತಾರ್ರಿ... ಕಾಳು ಒಡದ್ರ ಸಾಹೇಬ್ರು ಬೈತಾರ... ಒಡಿಯೋ ಹಿಂದಿನ ರಾತ್ರಿ ನೆನಸಿ ಇಟ್ಟಿದ್ದೆ, ಅಷ್ಟೇ.”

“ಅಷ್ಟೇ? ಬಿತ್ತಿದವ್ರ ಹೊಲ ಬಟಾಬಯಲು ಆಗತಿತ್ತು! ಆ ಬೀಜ ಒಂದೂ ಹೊರಗ ಹೋಗಂಗಿಲ್ಲ. ಉಳಿದ ಒಣ ಕಾಯಿ ಹಂಗ ಕೈಯಿಂದ ಸುಲಿಸಿ, ಮತ್ತೊಮ್ಮೆ ಪರೀಕ್ಷಾ ಮಾಡಿ, ಔಷಧ ಸವರಿ ಕಳಸೂಣು. ಈಗ ಸಾಹೇಬ್ರಿಗೆ ಫೋನ್ ಹಚ್ರಿ. ನೀವ ಹೇಳ್ರಿ.”

ಚಂದ್ರಕಾಂತ ಫೋನ್ ಒತ್ತಿದ. “ಸಾಹೇಬ್ರ... ತಪ್ಪು ಅಪೂರ್ವಂದಲ್ರಿ. ನಂದು.”

ಮಾಲೀಕರು ಏನೆಂದರೋ ಕೇಳಲು ಅಪೂರ್ವ ಅಲ್ಲಿರಲಿಲ್ಲ. ಚಾಲಕ ಲಾರಿಯನ್ನು ಆಗಲೇ ಚಾಲೂ ಮಾಡಿದ್ದ. ಅವಳು ಎರಡೂ ಕೈ ಚಾಚಿ ಅದರ ಮುಂದೆ ನಿಂತು, ಗೊತ್ತಿದ್ದಷ್ಟು ಹಿಂದಿ, ತೆಲುಗು, ಕನ್ನಡವನ್ನೆಲ್ಲ ಕಲಸಿ ಕೂಗುತ್ತಿದ್ದಳು:

“ಭಯ್ಯಾ, ರುಕೋ! ದಿಂಪಂಡಿ, ಅನ್ನೀ ದಿಂಪಂಡಿ! ಎಲ್ಲಾ ಇಳಿಸಿ!”